ಬಿಸಿಗೆ ನಿಲ್ಲುವ ಬೆಳಕು

ನವೆಂಬರ್ 3, 2025, ಸೋಮವಾರ

ಬಸ್ಸು ಇಳಿದು ಮನೆಗೆ ಬರುವಷ್ಟರಲ್ಲಿ ಅಮ್ಮ ಹೊಸ್ತಿಲಿಗೆ ಎರಡು ಕಾರ್ತಿಕದ ದೀಪ ಇಟ್ಟಿದ್ದಳು. ಕೆರೆ ಕಡೆಯ ಗಾಳಿಗೆ ಒಂದು ಹೋಯಿತು. "ದೀಪಂ ಕೊಂಡೆಕ್ಕಿಂದಿ, ನೋಡೇ ಸುನಂದಾ" ಎಂದಳು. ನಮ್ಮ ಮನೆಯ ತೆಲುಗಿನಲ್ಲಿ, ದೀಪ ಬೆಟ್ಟ ಹತ್ತಿತು ಎಂದು. ದೇವರಾಯಸಮುದ್ರದಲ್ಲಿ ನಮ್ಮ ಮನೆ ಒಂದೇ ಅಲ್ಲ, ಯಾರ ಮನೆಯಲ್ಲೂ ದೀಪ ಆರಿತು ಎನ್ನುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಹಾಗೆ ಅಂದಿದ್ದಕ್ಕೆ ಅಜ್ಜಿ ಅಕ್ಕಯಮ್ಮ ಎರಡು ಬೆರಳಲ್ಲಿ ನನ್ನ ತುಟಿಗೆ ಹೊಡೆದಿದ್ದಳು. ಆಮೇಲೆ ಬೆಲ್ಲ ಕೊಟ್ಟಿದ್ದಳು.

ಕೋಲಾರದ ಟಮಕದ ಹತ್ತಿರ ಬೆಳಕಿನ ಪುಡಿ ಮಾಡುವ ಚಿಕ್ಕ ಲ್ಯಾಬಿಗೆ ಸೇರಿ ಮೂರು ತಿಂಗಳಾಯಿತು. ಪಾತ್ರೆ ತೊಳೆಯಲು ಸೇರಿದ್ದು. ಓದಿದ್ದು ಐದನೆಯ ತರಗತಿಯವರೆಗೆ ಮಾತ್ರ, ಆದರೆ ಅಕ್ಷರ ದುಂಡಗಿದೆ ಎಂದು ಮುಬಶ್ಶಿರಾ ಮೇಡಂ ಬರೆಯುವ ಕೆಲಸವನ್ನೂ ಕೊಟ್ಟರು. ಅಲ್ಲಿ ದಿನವಿಡೀ ನಾನು ಆಡುವ ಮಾತು ಬಹಳ ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಉತ್ತರ ಬರುತ್ತದೆ, ಅಷ್ಟರಲ್ಲಿ ಕೇಳಿದವರು ಹೋಗಿರುತ್ತಾರೆ. ಆಡದೆ ಉಳಿದದ್ದು ಎಲ್ಲಿಗಾದರೂ ಹೋಗಬೇಕಲ್ಲ ಎಂದು ಇಲ್ಲಿ ಬರೆಯಲು ಕೂತೆ.

ಅಪ್ಪನಿಗೆ ಎಡಗಡೆಯಿಂದ ಏನು ಬಂದರೂ ಕಾಣುವುದಿಲ್ಲ. ಶ್ರಾವಣದಿಂದ ನೋಡುತ್ತಿದ್ದೇನೆ. ತಟ್ಟೆಯ ಎಡಕ್ಕೆ ಇಟ್ಟ ಉಪ್ಪಿನಕಾಯಿ ಹಾಗೇ ಉಳಿಯುತ್ತದೆ. ಬಾಗಿಲಿನ ಎಡಗಂಬಕ್ಕೆ ಭುಜ ತಾಗಿಸಿಕೊಳ್ಳುತ್ತಾರೆ. ಪಕ್ಕದ ಮನೆ ಚನ್ನರಾಯಪ್ಪನವರಿಗೂ ಮೊದಲು ಒಂದೇ ಕಣ್ಣಿಗೆ ಹೀಗಾಗಿತ್ತು. ಈಗ ಅವರನ್ನು ಮೊಮ್ಮಗಳು ಕೈ ಹಿಡಿದು ಬಯಲಿಗೆ ಕರೆದೊಯ್ಯುತ್ತಾಳೆ.

ಅಮ್ಮನಿಗೆ ಗೊತ್ತು. ನನಗೆ ಗೊತ್ತೆಂದು ಅಮ್ಮನಿಗೆ ಗೊತ್ತು. ಮನೆಯಲ್ಲಿ ಯಾರೂ ಬಾಯಿ ಬಿಟ್ಟಿಲ್ಲ. ಬಾಯಲ್ಲಿ ಅಂದರೆ ಅದು ನಿಜವಾಗಿಬಿಡುತ್ತದೆ. ಇಷ್ಟು ಬರೆದದ್ದೇ ಹೆಚ್ಚಾಯಿತು.

ನವೆಂಬರ್ 6, ಗುರುವಾರ

ಕದಿರೇಶಣ್ಣ ಇವತ್ತು ಕುಲುಮೆ ಬಿಸಿಯಾಗುವವರೆಗೆ ನನಗೆ ಬಿಳಿ ಬೆಳಕಿನ ಪಾಠ ಮಾಡಿದ. ಅವನು ಕುಲುಮೆ ನೋಡಿಕೊಳ್ಳುವವನು, ಕೈಯಲ್ಲಿ ಸದಾ ಉದ್ದನೆಯ ಇಕ್ಕಳ.

ಬಲ್ಬಿನ ಒಳಗೆ ಇರುವುದು ನೀಲಿ ಬೆಳಕಂತೆ. ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿ ಬಳಿದರೆ ಎರಡೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಆದರೆ ಆ ಬಿಳಿಯಲ್ಲಿ ಕೆಂಪು ಸಾಲದು.

"ಆ ಲೈಟಲ್ಲಿ ಟೊಮೆಟೊ ಮಂಡೀಗೆ ಹೋಗಿ ನೋಡು, ಒಳ್ಳೇ ಹಣ್ಣೂ ಮೊನ್ನೇದು ಥರ ಕಾಣುತ್ತೆ. ನಮ್ಮನೇವಳಂತೂ ಜ್ವರ ಬಂದೋಳ್ ಥರ. ಅವಳಿಗೆ ಹೇಳ್ಬೇಡಮ್ಮ ಮತ್ತೆ, ನಂಗೆ ಊಟ ಸಿಗಲ್ಲ."

ನಾವು ಹುಡುಕುತ್ತಿರುವುದು ಕೆಂಪು ಬೆಳಕು ಕೊಡುವ ಪುಡಿ. ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಎಂದು ಹೇಳುವುದು ಮೇಡಂ ಅವರ ಕಂಪ್ಯೂಟರು. ಬೇರೆ ಬೇರೆ ಕಡೆ ಜನ ಮಾಡಿ ನೋಡಿದ ಪುಡಿಗಳ ವಿವರವನ್ನೆಲ್ಲ ಅದಕ್ಕೆ ಓದಿಸಿದ್ದಾರೆ. ಅದನ್ನು ಓದಿಕೊಂಡು ಅದು ಇನ್ನೂ ಯಾರೂ ಮಾಡದ ಬೆರಕೆಗಳನ್ನು ಊಹಿಸುತ್ತದೆ. ನಾನು ತೂಗಿ, ಚಿಕ್ಕ ಕಲ್ಲಿನ ಒರಳಲ್ಲಿ ನುಣ್ಣಗೆ ಅರೆಯುತ್ತೇನೆ. ಕದಿರೇಶಣ್ಣ ಬೇಯಿಸುತ್ತಾನೆ. ಆಮೇಲೆ ನೀಲಿ ಬೆಳಕಿನ ಕೆಳಗೆ ಇಟ್ಟು ನೋಡಿ, ಏನಾಯಿತು ಎಂದು ಕಂಪ್ಯೂಟರಿಗೆ ಹೇಳುತ್ತೇವೆ. ಅದು ಕಲಿತು ಮತ್ತೆ ಊಹಿಸುತ್ತದೆ.

"ನಿನ್ನಂಗೇ ಅದೂ. ಮಾತಾಡಲ್ಲ, ಕೊಟ್ಟಿದ್ದು ಓದ್ಕೊಂಡು ಕೂತಿರುತ್ತೆ" ಎಂದ.

ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ನನ್ನನ್ನು ಯಾರೂ ಅಷ್ಟು ಓದಿಸಲಿಲ್ಲ.

ನವೆಂಬರ್ 13, ಗುರುವಾರ

ಕೆಟ್ಟಿದ್ದ ಬಿಸಿ ತಟ್ಟೆ ರಿಪೇರಿಯಾಗಿ ಬಂದು ಹದಿನೈದು ದಿನವಾಯಿತು. ಪುಡಿಯನ್ನು ಅದರ ಮೇಲೆ ಕಾಯಿಸಿ ನೋಡುವುದು ನನ್ನ ಕೆಲಸ. ಬಲ್ಬು ಉರಿದಂತೆ ಒಳಗೆ ಬಿಸಿಯಾಗುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಬೆಳಗಿ, ಬಿಸಿಗೆ ಕಂದಿದರೆ ಆ ಪುಡಿ ಕೆಲಸಕ್ಕೆ ಬಾರದು.

ಇವತ್ತಿನದು ನೀಲಿ ಬೆಳಕಿನ ಕೆಳಗೆ ದಾಸವಾಳದ ಹಾಗೆ ಇತ್ತು. ತಟ್ಟೆ ಕಾದಂತೆ ಮೆಲ್ಲಗೆ ಬಾಡಿತು. ಕೊನೆಗೆ ಬೂದಿಯ ಬಣ್ಣ. ಮೀಟರು ಸೊನ್ನೆಗೆ ಬಂದು ನಿಂತಿತು.

'ತಣ್ಣಗಿದ್ದಾಗ' ಎನ್ನುವ ಕಾಲಂನಲ್ಲಿ ಅಂಕಿ ಬರೆದೆ. 'ಬಿಸಿಯಾದಾಗ' ಎನ್ನುವುದನ್ನು ಖಾಲಿ ಬಿಟ್ಟೆ, ಎಂದಿನಂತೆ. ಬೆಳಕು ಹೋಯಿತು ಎಂದು ದುಂಡಗೆ ಬರೆಯಲು ಕೈ ಬರುವುದಿಲ್ಲ. ಖಾಲಿ ಇದ್ದರೆ ನೋಡಿದವರಿಗೆ ತಾನಾಗಿ ಗೊತ್ತಾಗುತ್ತದೆ. ಆ ಪುಡಿಯನ್ನು ಚೆಲ್ಲಲಿಲ್ಲ. ಚೀಟಿ ಅಂಟಿಸಿದ ಶೀಶೆಯಲ್ಲಿ ಹಾಕಿ ಕಪಾಟಿನ ಕೆಳಗಿನ ಡಬ್ಬದಲ್ಲಿ ಇಟ್ಟೆ. ಅಲ್ಲಿ ಈಗ ಬಹಳ ಶೀಶೆಗಳಿವೆ. ಒಮ್ಮೆ ಬೆಳಗಿದ್ದನ್ನು ಮೋರಿಗೆ ಬಿಡಲು ಮನಸ್ಸಾಗುವುದಿಲ್ಲ.

ನವೆಂಬರ್ 19, ಬುಧವಾರ

ಅಪ್ಪ, ಅಮ್ಮ ಇವತ್ತು ಮುಳಬಾಗಿಲಿಗೆ ಹೋಗಿದ್ದರು. ಕಣ್ಣಿನ ಕ್ಯಾಂಪ್ ಇದೆಯೆಂದು ಯಾರೋ ಹೇಳಿ, ಚನ್ನರಾಯಪ್ಪನವರಿಗೆ ಜೊತೆಯಾಗಿ ಎಂದು ಹೊರಟಿದ್ದು. ಜೊತೆಗೆ ಎನ್ನುವುದು ಅಮ್ಮನ ಉಪಾಯ.

ಅಪ್ಪ ಗೆದ್ದು ಬಂದವರಂತೆ ಬಂದರು. "ಆ ಹುಡುಗ ಬೋರ್ಡು ತೋರಿಸ್ದ. ಒಂದು ಕಣ್ಣು ಮುಚ್ಚಿ ಅಂದ, ಮುಚ್ಚಿದೆ. ಇನ್ನೊಂದು ಮುಚ್ಚಿ ಅಂದ, ಮುಚ್ಚಿದೆ. ಕೊನೇ ಸಾಲಿನ ತನಕ ಗಡಗಡ ಹೇಳ್ದೆ. ಎರಡೂ ಸರಿ ಐತೆ, ಹೋಗಿ ಯಜಮಾನ್ರೇ ಅಂದ."

ಅಮ್ಮ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ. ತಟ್ಟೆಯ ಎಡಕ್ಕೆ ಅಪ್ಪನ ಉಪ್ಪಿನಕಾಯಿ ಹಾಗೇ ಇತ್ತು.

ನವೆಂಬರ್ 28, ಶುಕ್ರವಾರ

ಮುಬಶ್ಶಿರಾ ಮೇಡಂ ಸುಮ್ಮನಿದ್ದರು. ಅವರು ಸುಮ್ಮನಿದ್ದರೆ ಲ್ಯಾಬಿನಲ್ಲಿ ಫ್ಯಾನಿನ ಸದ್ದು ಕೇಳುತ್ತದೆ. ಕಂಪ್ಯೂಟರು ಮತ್ತೆ ಅದೇ ಜಾತಿಯ ಪುಡಿಗಳನ್ನೇ ಹೇಳುತ್ತಿದೆಯಂತೆ. ಕಾಲು ಗ್ರಾಂ ಅದು, ಅರೆ ಗ್ರಾಂ ಇದು ಎಂದು ಅಲ್ಲಲ್ಲಿ ಬದಲಾಯಿಸಿ, ಸುತ್ತಿ ಸುತ್ತಿ ಅಲ್ಲಿಗೇ.

"ಗಾಣದ ಎತ್ತು ಆಗ್ಬಿಟ್ಟಿದೆ ನಿಮ್ ಮೆಷಿನ್ನು" ಎಂದ ಕದಿರೇಶಣ್ಣ.

"ಎತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟಿರ್ತಾರೆ ಕದಿರೇಶ್. ಇದಕ್ಕೆ ಯಾರು ಕಟ್ಟಿದಾರೆ ಅಂತ ಗೊತ್ತಾಗ್ತಿಲ್ಲ."

ದುಡ್ಡು ಹಾಕಿರುವ ಬೆಂಗಳೂರಿನವರು ಜನವರಿ ಕೊನೆಗೆ ಬರುತ್ತಾರೆ. ಅಷ್ಟರಲ್ಲಿ ಬಿಸಿಗೆ ನಿಲ್ಲುವ ಒಂದಾದರೂ ಕೆಂಪು ಪುಡಿ ತೋರಿಸದಿದ್ದರೆ ಬಾಗಿಲು ಮುಚ್ಚುವುದೇ. ಮೇಡಂ ಕೋಲಾರದವರೇ. ದೂರದಲ್ಲಿ ಓದಿ, ಊರಲ್ಲೇ ಏನಾದರೂ ಮಾಡಬೇಕೆಂದು ಬಂದವರು. ನನಗೆ ಅವರಿಗೆ ಸಮಾಧಾನ ಹೇಳಬೇಕೆನಿಸಿತು. ಚಹಾ ತಂದುಕೊಟ್ಟೆ.

ಡಿಸೆಂಬರ್ 4, ಗುರುವಾರ

ಮೂರು ಪುಡಿ. ಮೂರೂ ಬಿಸಿಗೆ ಕಂದಿದವು. ಏನೂ ಬರೆಯಲಿಲ್ಲ.

ಡಿಸೆಂಬರ್ 9, ಮಂಗಳವಾರ

ರಜೆ ಹಾಕಿದ್ದೆ. ನಮ್ಮ ಹುಳುಮನೆಯಲ್ಲಿ ರೇಷ್ಮೆ ಹುಳು ಹಣ್ಣಾದವು. ಹಣ್ಣಾದ ಹುಳುವಿನ ಮೈ ತಿಳಿಯಾಗಿ, ದ್ರಾಕ್ಷಿಯ ಹಾಗೆ ಒಳಗಿನಿಂದ ಹಳದಿ ಕಾಣುತ್ತದೆ. ಅಂಥವನ್ನು ಮಾತ್ರ ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ಅಲ್ಲಿ ಗೂಡು ಕಟ್ಟುತ್ತವೆ. ಹಣ್ಣಾಗದ್ದನ್ನು ಬಿಟ್ಟರೆ ಗೂಡು ಕೆಡುತ್ತದೆ. ಬೈರಕೂರಿನ ತನಕ ಯಾರ ಹುಳುಮನೆಯಲ್ಲಿ ಅನುಮಾನ ಬಂದರೂ ವೆಂಕಟರಾಯಪ್ಪನನ್ನು ಕರೆಯಿರಿ ಎನ್ನುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದರು, ನಾಳೆ ಬೆಳಿಗ್ಗೆ ಅಂತ.

ಇವತ್ತು ಅಪ್ಪನ ಹಿಂದೆಯೇ ಹೋದೆ. ಅವರ ಎಡಗಡೆ ಬಿಟ್ಟುಹೋದ ಹುಳುಗಳನ್ನೆಲ್ಲ ನಾನು ಆರಿಸಿದೆ. ಅವರು ತಪ್ಪಿ ಚಂದ್ರಿಕೆಗೆ ಹಾಕಿದ ಹಸಿ ಹುಳುಗಳನ್ನು ತೆಗೆದು ಸೊಪ್ಪಿಗೆ ಹಾಕಿದೆ. ಸದ್ದಾಗದ ಹಾಗೆ.

"ಏನಮ್ಮಾ ತಲ್ಲಿ, ನನ್ನ ಬೆನ್ನಿಗೇ ಅಂಟ್ಕೊಂಡಿದ್ದೀಯ?" ಎಂದರು.

"ಚಳಿ ಅಪ್ಪ" ಎಂದೆ.

ಡಿಸೆಂಬರ್ 14, ಭಾನುವಾರ

ಅವರೆಕಾಯಿಯ ಕಾಲ. ಊರಿಗೆ ಊರೇ ಘಮಘಮ. ಅಂಗಳದಲ್ಲಿ ಮೂವರೂ ಕೂತು ಸುಲಿಯುತ್ತಿದ್ದೆವು. ಅಪ್ಪ ಒಂದೊಂದು ಕಾಳಿಗೆ ಒಂದೊಂದು ಅಕ್ಷರದಂತೆ ಏನೋ ಗುನುಗುತ್ತಿದ್ದರು. "ಪ, ರ, ಗ, ಲ, ದ. ಪ, ರ, ಗ, ಲ, ದ."

"ಅದೇನಪ್ಪ ಅದು?"

"ಏನಿಲ್ಲಮ್ಮಾ. ಬಾಯಿಗೆ ಬಂತು."

ಒಳಗೆ ಬೇಳೆ ಹಿಚುಕುವಾಗ ಅಮ್ಮ ಹೇಳಿದಳು. ಮುಳಬಾಗಿಲಿನ ಕ್ಯಾಂಪಿನಲ್ಲಿ ಇವರ ಮುಂದೆ ಉದ್ದ ಸಾಲಿತ್ತಂತೆ. ಬೋರ್ಡಿನ ಅಕ್ಷರಗಳನ್ನು ಒಬ್ಬೊಬ್ಬರೂ ಗಟ್ಟಿಯಾಗಿ ಓದುತ್ತಿದ್ದರಂತೆ. "ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂಬಿಟ್ರು ನಿಮ್ಮಪ್ಪ. ಎಡಗಣ್ಣಿಗೆ ಅದನ್ನೇ ಒಪ್ಪಿಸಿದ್ರು. ಸ್ಕೂಲು ಬಿಡ್ದೆ ಇದ್ದಿದ್ರೆ ಫಸ್ಟ್ ಕ್ಲಾಸು ಬರ್ತಿದ್ರು ನೋಡು" ಎಂದು ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಇಬ್ಬರೂ ಬಹಳ ಹೊತ್ತು ಬೇಳೆ ಹಿಚುಕಿದೆವು.

"ಯಾರ ಹತ್ರಾನೂ ಅನ್ಬೇಡ" ಎಂದಳು.

ಯಾರ ಹತ್ತಿರ ಅನ್ನಲಿ. ನಾನು ಅನ್ನುವುದೇ ಕಡಿಮೆ.

ಡಿಸೆಂಬರ್ 18, ಗುರುವಾರ

ಬೆಳಿಗ್ಗೆ ಅಪ್ಪ ಮೊಪೆಡ್ಡಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ತರುವಾಗ ದೊಡ್ಡಮುನಿಯಮ್ಮನಿಗೆ ತಾಗಿಸಿದರು. ಆಕೆ ರಸ್ತೆಯ ಎಡಕ್ಕೆ ಮೇಕೆ ಹಿಡಿದು ನಿಂತಿದ್ದಳು. ಮೇಕೆ ಹಾರಿತು, ಆಕೆ ಚರಂಡಿಗೆ ಕೂತಳು, ಅಪ್ಪ ಹೊರೆಯ ಮೇಲೆ ಬಿದ್ದರು. ಹೊರೆ ಇದ್ದದ್ದೇ ಪುಣ್ಯ. ಮೊಣಕೈ ಮಾತ್ರ ತರಚಿದೆ.

"ಏನ್ಲಾ ವೆಂಕಟರಾಯಪ್ಪಾ, ಕಣ್ಣು ಬಾಡಿಗೆಗೆ ಕೊಟ್ಟಿದ್ದೀಯೇನ್ಲಾ?" ಎಂದು ಆಕೆ ಊರಿಗೆಲ್ಲ ಕೇಳುವಂತೆ ಕೂಗಿದಳು.

"ಬಿಸಿಲು ಹೊಡೀತು ಅತ್ತೆ" ಎಂದರು ಅಪ್ಪ.

ಮಂಜು ಇನ್ನೂ ಬಿಟ್ಟಿರಲಿಲ್ಲ. ಎದುರಿನ ಬೇವಿನ ಮರವೇ ಕಾಣುತ್ತಿರಲಿಲ್ಲ. ಬಿಸಿಲು ಎಲ್ಲಿತ್ತು.

ಡಿಸೆಂಬರ್ 22, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಬಿಸಿ ತಟ್ಟೆಯ ಹತ್ತಿರ ಇದ್ದೆ. ಮುಬಶ್ಶಿರಾ ಮೇಡಂ ಬಂದು ನನ್ನ ಪಕ್ಕ ನಿಂತರು. ಅವರು ಹೀಗೆ ಬರುವುದಿಲ್ಲ, ಅವರ ಜಾಗ ಕಂಪ್ಯೂಟರು. ಯಾಕೋ ಬಂದರು. ತಟ್ಟೆಯ ಮೇಲಿದ್ದ ಪುಡಿ ಕೆಂಪಗಿತ್ತು. ಇಬ್ಬರೂ ನೋಡುತ್ತಿದ್ದ ಹಾಗೆ ಕಂದಿ, ಬೂದಿ ಬಣ್ಣವಾಗಿ, ಮೀಟರು ಸೊನ್ನೆಗೆ ಬಂತು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ಬರೀರಿ" ಎಂದರು.

"ಬರೆದೆ ಮೇಡಂ." ತಣ್ಣಗಿದ್ದಾಗಿನ ಅಂಕಿ ತೋರಿಸಿದೆ.

"ಬಿಸಿಯಾದಾಗಿಂದು?"

ಕಿವಿ ಬಿಸಿಯಾಯಿತು. ಅವರು ಹೋಗಲಿಲ್ಲ, ಕಾಯುತ್ತ ನಿಂತರು.

"ಅದು... ಹೋಯ್ತಲ್ಲ ಮೇಡಂ."

"ಹೌದು. ಅದನ್ನೇ ಬರೀರಿ."

"ಹಾಗೆ ಬರೀಬಾರದು ಮೇಡಂ."

ಅವರು ಹಾಳೆಗಳ ಕಟ್ಟು ತೆಗೆದುಕೊಂಡು ಹಿಂದಕ್ಕೆ ಹಿಂದಕ್ಕೆ ತಿರುಗಿಸಿದರು. ಡಿಸೆಂಬರು, ನವೆಂಬರು, ಅಕ್ಟೋಬರು. ಆಮೇಲೆ ಸ್ಟೂಲಿನ ಮೇಲೆ ಕೂತುಕೊಂಡರು.

"ಇವೆಲ್ಲ ಖಾಲಿ ಇರೋದು, ಬಿಸಿ ತಟ್ಟೆ ಕೆಟ್ಟಿತ್ತಲ್ಲ, ಪರೀಕ್ಷೆ ಮಾಡಿಲ್ಲ ಅಂತ ಅಂದ್ಕೊಂಡಿದ್ದೆ ಸುನಂದ. ಆಮೇಲಿನದೂ ಬಾಕಿ ಇದೆ ಅಂತ. ಕಂಪ್ಯೂಟರಿಗೂ ಹಾಗೇ ಹೇಳಿದ್ದೀನಿ. ಖಾಲಿ ಇರೋ ಸಾಲನ್ನ ಅದು ನೋಡೋದೇ ಇಲ್ಲ, ಹಾರಿಸ್ಕೊಂಡು ಹೋಗುತ್ತೆ."

ಪೆನ್ನನ್ನು ಮೇಜಿನ ಮೇಲಿಟ್ಟೆ. ಅಜ್ಜಿಯ ವಿಷಯ ಹೇಳಿದೆ. ತುಟಿಗೆ ಹೊಡೆದದ್ದು, ಬೆಲ್ಲ ಕೊಟ್ಟದ್ದು, ಕೊಂಡೆಕ್ಕಿಂದಿ ಎನ್ನುವುದು. ಬೆಳಗುವುದು ಯಾವುದಾದರೂ ದೀಪವೇ ಅಲ್ಲವೇ, ಅದಕ್ಕೆ ಹಾಗೆ ಬರೆಯಲು ಭಯವಾಯಿತು ಎಂದೆ. ಲ್ಯಾಬಿನಲ್ಲಿ ಇಷ್ಟು ಮಾತನ್ನು ಒಂದೇ ಸಲಕ್ಕೆ ಆಡಿದ್ದು ಇದೇ ಮೊದಲು. ಬೈಯುತ್ತಾರೆಂದು ಕಾದೆ.

ಮೇಡಂ ಹಣೆಗೆ ಕೈ ಕೊಟ್ಟುಕೊಂಡರು. ಆಮೇಲೆ ಭುಜ ಕುಣಿಯತೊಡಗಿತು. ನಗುತ್ತಿದ್ದರು.

"ನಮ್ಮ ಅಮ್ಮೀನೂ ಇದೇ. 'ಚಿರಾಗ್ ಬುಜಾವ್ ನಕ್ಕೋ ಬೋಲೋ ಬೇಟಾ, ಬಡಾವ್ ಬೋಲೋ' ಅಂತಾರೆ. ದೀಪ ಆರಿಸು ಅನ್ಬೇಡ, ಬೆಳೆಸು ಅನ್ನು ಅಂತ. ಕರೆಂಟು ಲೈಟ್ ಆಫ್ ಮಾಡೋಕೂ ಹಾಗೇ ಅನ್ನೋದು. ನಾನು ಇಷ್ಟು ಓದಿ, ಇದು ಹೊಳೀಲಿಲ್ಲ ನೋಡಿ."

ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಕೇಳಿ. ಅದಕ್ಕೆ ನಾವು ಹೇಳಿದ್ದಷ್ಟೇ ಗೊತ್ತು. ಇವು ತಣ್ಣಗೆ ಚೆನ್ನಾಗಿ ಬೆಳಗಿದವು ಅಂತ ಹೇಳಿದ್ವಿ. ಬಿಸಿಗೆ ಏನಾಯ್ತು ಅಂತ ಹೇಳಲೇ ಇಲ್ಲ. ಪಾಪ, ಅದು ಇದೇ ಒಳ್ಳೇ ದಾರಿ ಅಂತ ಮತ್ತೆ ಮತ್ತೆ ಅಲ್ಲಿಗೇ ಕರ್ಕೊಂಡು ಹೋಗ್ತಿದೆ. ಎಲ್ಲಿ ಬೆಳಕು ಹೋಯ್ತು ಅಂತ ಗೊತ್ತಾದ್ರೆ ತಾನೇ, ಎಲ್ಲಿ ಉಳಿಯುತ್ತೆ ಅಂತ ಹುಡುಕೋದು?"

ಕದಿರೇಶಣ್ಣ ಬಾಗಿಲಲ್ಲಿ ಇಕ್ಕಳ ಹಿಡಿದು ನಿಂತಿದ್ದ. "ಅಂದ್ರೆ ಎರಡು ತಿಂಗಳು ಎತ್ತಿಗೆ ಬಟ್ಟೆ ಕಟ್ಟಿದ್ದು ನಮ್ಮ ಸುನಂದಮ್ಮ" ಎಂದ.

"ನಾನೂ ಒಂದು ತುದಿ ಹಿಡ್ಕೊಂಡಿದ್ದೆ ಬಿಡಿ" ಎಂದರು ಮೇಡಂ. "ಆ ಪುಡಿಗಳೆಲ್ಲ ಹೋದ್ವಲ್ಲ. ಮತ್ತೆ ಮಾಡೋಕೆ ಎಲ್ಲಿದೆ ಟೈಮು."

ನಾನು ಕಪಾಟಿನ ಕೆಳಗಿನ ಡಬ್ಬ ಎಳೆದು ತೋರಿಸಿದೆ.

ಬಸ್ಸಿನಲ್ಲಿ ಅಳು ಬಂತು. ಕಿಟಕಿ ಕಡೆ ತಿರುಗಿಕೊಂಡೆ.

ಡಿಸೆಂಬರ್ 23, ಮಂಗಳವಾರ

ತಣ್ಣಗಾದ ಮೇಲೆ ಆ ಪುಡಿಗಳು ಮತ್ತೆ ಬೆಳಗುತ್ತವೆ, ಹಾಗಾಗಿ ಡಬ್ಬದ ಶೀಶೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಾಯಿಸಿದೆ. ಮೊದಲ ಸೊನ್ನೆ ಬರೆದೆ. ಬರೆಯುವ ಮುಂಚೆ ಪೆನ್ನನ್ನು ಕಣ್ಣಿಗೆ ಒತ್ತಿಕೊಂಡೆ. ಕದಿರೇಶಣ್ಣ ನೋಡಿಬಿಟ್ಟ. "ಕುಂಕುಮ ತರ್ಲಾ? ತೆಂಗಿನಕಾಯಿ?" ಎಂದ. ಅವನು ಅತ್ತ ಹೋದ ಮೇಲೆ ಎರಡನೆಯದು ಬರೆದೆ. ಸಂಜೆಯ ಹೊತ್ತಿಗೆ ಹಾಳೆಯ ತುಂಬ ಸೊನ್ನೆ. ಏನೂ ಆಗಲಿಲ್ಲ. ಮನೆಗೆ ಬಂದೆ, ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು.

ಡಿಸೆಂಬರ್ 30, ಮಂಗಳವಾರ

ಡಬ್ಬದ ಶೀಶೆಗಳೆಲ್ಲ ಮುಗಿದವು. ಎಲ್ಲ ಸೊನ್ನೆಯಲ್ಲ. ಕೆಲವು ಅರ್ಧಕ್ಕೆ ನಿಂತಿದ್ದವು. ಅವನ್ನೂ ನಾನು ಖಾಲಿ ಬಿಟ್ಟಿದ್ದೆ. ಬೆಳಕು ಅರ್ಧ ಹೋದದ್ದಕ್ಕೂ ಪೂರ್ತಿ ಹೋದದ್ದಕ್ಕೂ ನನ್ನ ಹಾಳೆಯಲ್ಲಿ ವ್ಯತ್ಯಾಸವೇ ಇರಲಿಲ್ಲ.

ಮೇಡಂ ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟರು. ಮಧ್ಯಾಹ್ನ ಅದು ಹೊಸ ಪಟ್ಟಿ ಕೊಟ್ಟಿತು. ಹಳೆಯದು ಒಂದೂ ಇಲ್ಲ. ನಾನು ಇದುವರೆಗೆ ಮುಚ್ಚಳವನ್ನೇ ತೆಗೆಯದಿದ್ದ ಡಬ್ಬಿಗಳ ಪುಡಿ ತೂಗಬೇಕು.

ಅಪ್ಪನ ಬಲಗಣ್ಣು ಹೇಗಿದೆಯೆಂದು ನಮಗೆ ಯಾರಿಗೂ ಗೊತ್ತಿಲ್ಲ.

ಜನವರಿ 4, 2026, ಭಾನುವಾರ

ನಮ್ಮೂರ ಶಾಲೆಯಲ್ಲೇ ಕಣ್ಣಿನ ಕ್ಯಾಂಪ್ ಇತ್ತು. ಮುಳಬಾಗಿಲಿಗೆ ಬಂದಿದ್ದವರೇ.

"ನಾನ್ಯಾಕೆ ಬರ್ಲಿ? ಪಾಸಾಗಿದ್ದೀನಲ್ಲ" ಎಂದರು ಅಪ್ಪ. ಊರೆಲ್ಲ ಅಲ್ಲೇ ಸೇರಿದ್ದರಿಂದ ಮಾತಿಗೆಂದು ಹೋದರು. ನಾನೂ ಹೋದೆ. ದೊಡ್ಡಮುನಿಯಮ್ಮ, "ಇವನನ್ನ ಮೊದಲು ಕೂರಿಸ್ರೀ, ನನ್ನ ಚರಂಡಿಗೆ ಕೆಡವಿದ ಮಹಾರಾಯ" ಎಂದಳು. ಎಲ್ಲರೂ ನಕ್ಕರು. ಅಪ್ಪ ಸವಾಲಿಗೆ ಎಂಬಂತೆ ಸಾಲಿನಲ್ಲಿ ನಿಂತರು. ಹಿಂದೆ ನಾನು.

ಬೋರ್ಡು ಅದೇ. ಮುಂದಿನವರು ಓದುತ್ತಿದ್ದರು. ಅಪ್ಪನ ತುಟಿ ಅಲ್ಲಾಡುತ್ತಿತ್ತು.

ಅಪ್ಪನ ಸರದಿ ಬಂತು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಓದಿದರು. ಆಮೇಲೆ ಆ ಹುಡುಗ ಬಲಗಣ್ಣಿಗೆ ರಟ್ಟು ಹಿಡಿದ. ಅಪ್ಪನ ಮುಖ ಬೋರ್ಡಿನ ಕಡೆ ಇರಲಿಲ್ಲ, ಪಕ್ಕದ ಬರಿಗೋಡೆಯ ಕಡೆ ಇತ್ತು. ಹುಡುಗ ಕೋಲು ಎತ್ತುವ ಮುಂಚೆಯೇ ಶುರು ಮಾಡಿದರು. "ಪ, ರ, ಗ, ಲ, ದ."

"ಸರಿ ಇದೆ ಯಜಮಾನ್ರೇ. ನೆಕ್ಸ್ಟ್" ಎಂದ ಹುಡುಗ.

"ಇಲ್ಲ" ಎಂದೆ.

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಅಷ್ಟು ಜೋರಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಅಪ್ಪ ಓದ್ತಿಲ್ಲ. ಮುಂದಿನೋರು ಹೇಳಿದ್ದನ್ನ ಒಪ್ಪಿಸ್ತಿದ್ದಾರೆ. ಅವರಿಗೆ ಎಡಗಣ್ಣು ಕಾಣಲ್ಲ. ಶ್ರಾವಣದಿಂದ ಕಾಣಲ್ಲ."

ಹುಡುಗ ಸಾಲಿನ ಮಧ್ಯದ ಒಂದು ಅಕ್ಷರದ ಮೇಲೆ ಕೋಲು ಇಟ್ಟ. "ಇದೊಂದೇ ಹೇಳಿ ಯಜಮಾನ್ರೇ."

ಅಪ್ಪ ಮುಖವನ್ನು ಅತ್ತ ಇತ್ತ ತಿರುಗಿಸಿದರು. ಹುಡುಗ ಬೆರಳುಗಳನ್ನು ಅವರ ಮುಖದ ಹತ್ತಿರ ತಂದು ಎಷ್ಟು ಎಂದು ಕೇಳಿದ. ಅಪ್ಪ ತಲೆ ತಗ್ಗಿಸಿದರು. ದೊಡ್ಡಮುನಿಯಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡಳು. ಹುಡುಗ ಚೀಟಿ ಬರೆದ. ಬುಧವಾರ ಕೋಲಾರದ ಆಸ್ಪತ್ರೆಗೆ.

ಮನೆಯವರೆಗೆ ಅಪ್ಪ ನನಗಿಂತ ಮುಂದೆ ನಡೆದರು. ನಾನು ಅವರ ಎಡಕ್ಕೆ ಸ್ವಲ್ಪ ಹಿಂದೆ. ಅಮ್ಮ ವಿಷಯ ಕೇಳಿ ಪಾತ್ರೆ ಕುಕ್ಕಿದಳು. "ಹತ್ತು ಜನರ ಮುಂದೆ ಅನ್ನೋ ಮಾತೇನೇ ಅದು? ಬಾಯಿ ಇಲ್ಲದೋಳು ಅಂದ್ಕೊಂಡಿದ್ದೆ" ಎಂದಳು.

ಅನ್ನ ಬಡಿಸಿದಳು. ಉಪ್ಪಿನಕಾಯಿಯನ್ನು ಅಪ್ಪನ ತಟ್ಟೆಯ ಬಲಕ್ಕೆ ಹಾಕಿದಳು.

ಜನವರಿ 7, ಬುಧವಾರ

ಕೋಲಾರದ ಆಸ್ಪತ್ರೆ. ಯಂತ್ರಕ್ಕೆ ಗಲ್ಲ ಇಡಿಸಿ, ಹನಿ ಹಾಕಿ, ಮತ್ತೆ ಯಂತ್ರ. ಅಪ್ಪ ಭಾನುವಾರದಿಂದ ನನ್ನ ಜೊತೆ ಮಾತಾಡಿರಲಿಲ್ಲ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಕಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆ. ನೋವು ಇರುವುದಿಲ್ಲ, ಅದಕ್ಕೇ ಜನ ಬರುವುದಿಲ್ಲ. "ಎಡಗಣ್ಣಲ್ಲಿ ಹೋಗಿರೋದು ವಾಪಸ್ ಬರಲ್ಲ. ಬಲಗಣ್ಣಿಗೂ ಶುರುವಾಗಿದೆ, ಆದರೆ ಬಹಳ ಉಳಿದಿದೆ. ದಿನಾ ಹನಿ ಹಾಕ್ಬೇಕು. ಒಂದು ದಿನಾನೂ ಬಿಡಬಾರದು. ಬಿಡದೆ ಇದ್ರೆ ಇದನ್ನ ಉಳಿಸ್ಕೋಬಹುದು."

ಬಸ್ ಸ್ಟ್ಯಾಂಡಿನಲ್ಲಿ ಕಲ್ಲು ಬೆಂಚಿನ ಮೇಲೆ ಕೂತೆವು. ನಾನು ವಡೆ ತಂದೆ. ಅಪ್ಪ ತಿನ್ನಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ಅಮ್ಮಾಯೀ" ಎಂದರು, "ಎಡಗಣ್ಣು ಬೆಟ್ಟ ಹತ್ತಿಬಿಡ್ತು. ಅಲ್ವೇನೇ?"

ಹೌದಪ್ಪ ಎನ್ನಬಹುದಿತ್ತು.

"ಇಲ್ಲ ಅಪ್ಪ. ಹೋಗಿದೆ."

ಶ್ರೀನಿವಾಸಪುರದ ಬಸ್ಸು ಬಂತು, ಜನ ಇಳಿದರು, ಹತ್ತಿದರು, ಹೋಯಿತು. ಅಪ್ಪ ವಡೆ ಮುರಿದು ಅರ್ಧ ನನಗೆ ಕೊಟ್ಟರು.

"ಆ ಹನಿ ಬಾಟ್ಲು ಎಲ್ಲಿಟ್ಟಿದ್ದೀಯ? ಬಸ್ಸಲ್ಲಿ ಬೀಳಿಸೀಯ ಮತ್ತೆ. ಇಲ್ಲಿ ಕೊಡು" ಎಂದು ಒಳಜೇಬಿಗೆ ಹಾಕಿಕೊಂಡರು.

ಜನವರಿ 12, ಸೋಮವಾರ

ಹೊಸ ಪಟ್ಟಿಯ ಪುಡಿ. ತಣ್ಣಗಿದ್ದಾಗ ನೋಡಲು ಏನೂ ಅಲ್ಲ. ದಾಸವಾಳದ ಕೆಂಪು ಇಲ್ಲ, ಹಳೆಯ ಇಟ್ಟಿಗೆಯ ಹಾಗೆ. ಕದಿರೇಶಣ್ಣ, "ಇದಕ್ಕಾ ನಾನು ರಾತ್ರಿಯೆಲ್ಲ ಒಲೆ ಕಾದಿದ್ದು?" ಎಂದ.

ತಟ್ಟೆಯ ಮೇಲಿಟ್ಟೆ. ಕಂದುವುದನ್ನು ನೋಡಿ ಅಭ್ಯಾಸವಾದ ಕಣ್ಣು, ಕಂದುತ್ತದೆಂದು ಕಾಯಿತು. ಕಂದಲಿಲ್ಲ. ತಟ್ಟೆ ಪೂರ್ತಿ ಕಾದ ಮೇಲೂ ಹಾಗೇ ಇತ್ತು. ತಣ್ಣಗಿದ್ದಾಗ ನೂರು ಎಂದಿಟ್ಟುಕೊಂಡರೆ ಬಿಸಿಗೆ ತೊಂಬತ್ತೊಂದು. ಬರೆದು, ಮೇಡಂ ಅವರನ್ನು ಕರೆದೆ. ಅವರು ಮೀಟರು ನೋಡಿದರು, ಹಾಳೆ ನೋಡಿದರು, ಮೀಟರು ನೋಡಿದರು.

"ಇನ್ನೊಂದ್ಸಲ ಮಾಡೋಣ. ಮೊದಲಿಂದ. ತೂಕದಿಂದ" ಎಂದರಷ್ಟೇ. ತಾವೇ ತಕ್ಕಡಿ ಒರೆಸತೊಡಗಿದರು.

ಜನವರಿ 20, ಮಂಗಳವಾರ

ಮೂರನೆಯ ಸಲವೂ ನಿಂತಿತು. ಮೇಡಂ ಅದನ್ನು ಹಳದಿ ಪುಡಿಯ ಜೊತೆ ಸೇರಿಸಿ ಒಂದು ಚಿಕ್ಕ ಬಲ್ಬಿಗೆ ಬಳಿದು ಹಚ್ಚಿದರು. ಮೂವರೂ ಅದರ ಕೆಳಗೆ ಕೈ ಚಾಚಿದೆವು. "ನನ್ನ ಕೈ ನನ್ನ ಕೈ ಥರಾನೇ ಕಾಣ್ತಿದೆ" ಎಂದ ಕದಿರೇಶಣ್ಣ. "ಇದನ್ನ ಮನೆಗೆ ಹಾಕಿದ್ರೆ ಸಂಸಾರ ಉದ್ಧಾರ."

ಬೆಂಗಳೂರಿನವರಿಗೆ ಮೇಡಂ ಫೋನಿನಲ್ಲೇ ಹೇಳಿದರು. ಈ ವರ್ಷವೂ ನಡೆಸಿ ಎಂದರಂತೆ. ಇನ್ನೂ ಬಹಳ ಪರೀಕ್ಷೆಗಳಿವೆ, ತಿಂಗಳುಗಟ್ಟಲೆ ಉರಿಸಿ ನೋಡಬೇಕು, ಆಮೇಲೆ ಇದೂ ಸೊನ್ನೆಯಾಗಬಹುದು ಎಂದರು ಮೇಡಂ. "ಸೊನ್ನೆಯಾದರೆ ಸೊನ್ನೆ ಅಂತಾನೇ ಬರೀತೀನಿ" ಎಂದೆ. ಯಾಕೆ ಅಷ್ಟು ನಕ್ಕರೋ.

ಜನವರಿ 21, ಬುಧವಾರ

ರಜೆ. ಹುಳು ಹಣ್ಣಾದವು. ಹುಳುಮನೆಯ ಬಾಗಿಲಲ್ಲಿ ಅಪ್ಪ ನಿಂತುಕೊಂಡರು. ಬೆಳಿಗ್ಗೆಯ ಹನಿ ಹಾಕಿಸಿಕೊಂಡು ಬಲಗಣ್ಣು ಇನ್ನೂ ಒದ್ದೆ ಇತ್ತು.

"ಬಲಗಡೆ ಸಾಲು ನಾನು ನೋಡ್ಕೋತೀನಿ. ಎಡಗಡೇದು ನನಗೆ ಕಾಣಲ್ಲ. ನೀನು ನೋಡು" ಎಂದರು. ಸೊಪ್ಪು ಹಿಡಿದು ಹಿಂದೆ ನಿಂತಿದ್ದ ಅಮ್ಮ ನನಗೆ ಎಡಗಡೆಗೆ ದಾರಿ ಬಿಟ್ಟಳು.

ಮಧ್ಯಾಹ್ನದ ತನಕ ಆರಿಸಿದೆವು. ಒಂದು ಹುಳುವಿನ ಬಗ್ಗೆ ನನಗೆ ಅನುಮಾನ ಬಂದು ಅಪ್ಪನ ಬಲಕ್ಕೆ ಹೋಗಿ ಅಂಗೈ ಹಿಡಿದೆ. ಬಗ್ಗಿ ನೋಡಿ, "ನಾಳೆಗೆ" ಎಂದರು. ವಾಪಸ್ ಸೊಪ್ಪಿಗೆ ಬಿಟ್ಟೆ.

ಸಂಜೆ ಅಮ್ಮ ಹೊಸ್ತಿಲಿಗೆ ದೀಪ ಇಟ್ಟಳು. ಕೆರೆಯ ಕಡೆಯಿಂದ ಗಾಳಿ ಬಂತು. ಅಪ್ಪ ಜಗಲಿಯ ಮೇಲೆ ಕೂತಿದ್ದರು, ದೀಪ ಅವರ ಬಲಕ್ಕಿತ್ತು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಹೇಳಿದರು.

"ಆರೋಯ್ತು ಕಣೇ. ಬೆಂಕಿಪೊಟ್ಣ ತಗೊಂಬಾ."

ಅಮ್ಮ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಕಡ್ಡಿ ತಂದು ಗೀರಿದಳು.